ನೊರೆ ಇಲ್ಲದ ಶ್ವಾಸಕೋಶ

‘ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಇದು ಎಷ್ಟು ಹಳೆಯದೆಂದರೆ, ಹಿಪೋಕ್ರೇಟಿಸನ ಹೆಸರಿನಲ್ಲಿರುವ ಗ್ರೀಕ್ ಬರಹಗಳಲ್ಲೂ ಸಿಗುತ್ತದೆ. ಎರಡು ಸಾವಿರ ವರ್ಷ ದಾಟಿದರೂ ಸುಳ್ಳು ಸುಳ್ಳೇ. ತಾಯಿಯ ಹೊಟ್ಟೆಯಲ್ಲಿ ಒಂದು ವಾರ ಜಾಸ್ತಿ ಇದ್ದರೆ ಶ್ವಾಸಕೋಶ ಅಷ್ಟರಮಟ್ಟಿಗೆ ಬಲಿತಿರುತ್ತದೆ. ಬಲಿಯುವುದು ಅಂದರೆ ಏನು? ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಡಾಕ್ಟರ್ ಮೇರಿ ಎಲೆನ್ ಏವರಿ.

ಏವರಿ 1927ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಹುಟ್ಟಿದರು. 1952ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಡಾಕ್ಟರಾಗಿ ಹೊರಬಂದ ಸ್ವಲ್ಪ ದಿನಕ್ಕೇ ಅವರಿಗೆ ಕ್ಷಯ ಅಂಟಿತು. ಹಾಸಿಗೆ ಹಿಡಿದು ಮಲಗಿದವರಿಗೆ ಶ್ವಾಸಕೋಶದ ಮೇಲೆ ಕುತೂಹಲ ಹುಟ್ಟಿತು.

ಆಗ ಅವಧಿಗೆ ಮುಂಚೆ ಹುಟ್ಟಿದ ಎಷ್ಟೋ ಮಕ್ಕಳ ಕಥೆ ಒಂದೇ. ಹುಟ್ಟಿದ ಕೆಲವು ಗಂಟೆಗಳಲ್ಲಿ ಏದುಸಿರು. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಜಗ್ಗುತ್ತದೆ, ಬಿಟ್ಟಾಗಲೆಲ್ಲ ನರಳಿಕೆ. ಎರಡು ಮೂರು ದಿನದಲ್ಲಿ ಸಾವು. ಶವಪರೀಕ್ಷೆ ಮಾಡಿದರೆ ಶ್ವಾಸಕೋಶದ ಒಳಗೆ ಗಾಜಿನಂಥ ತೆಳು ಪೊರೆ ಕಾಣುತ್ತಿತ್ತು. ರೋಗಕ್ಕೆ ‘ಹಯಲಿನ್ ಮೆಂಬ್ರೇನ್’ ಅಂತ ಹೆಸರಿಟ್ಟು, ಆ ಪೊರೆ ಎಲ್ಲಿಂದ ಬಂತು ಅಂತ ಎಲ್ಲರೂ ಹುಡುಕಿದರು. ಏವರಿಯ ಕಣ್ಣಿಗೆ ಬಿದ್ದದ್ದು ಬೇರೆ: ಈ ಮಕ್ಕಳ ಶ್ವಾಸಕೋಶದಲ್ಲಿ ನೊರೆಯೇ ಇಲ್ಲ! ಬೇರೆ ಕಾರಣಕ್ಕೆ ತೀರಿಕೊಂಡ ಮಕ್ಕಳಲ್ಲಿ ಇರುತ್ತಿತ್ತು.

ನೊರೆ ಇದ್ದರೆಷ್ಟು, ಬಿಟ್ಟರೆಷ್ಟು ಅನ್ನಬೇಡಿ. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗವೇ ಇದು. ಒದ್ದೆಯಾದ ಎರಡು ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬಿಡಿಸಿ ನೋಡಿ. ಅಂಟಿಕೊಂಡುಬಿಡುತ್ತವೆ, ಅಲ್ವಾ? ಶ್ವಾಸಕೋಶದ ತುದಿಯಲ್ಲಿರುವ ಕೋಟಿಗಟ್ಟಲೆ ಗಾಳಿಚೀಲಗಳ ಒಳಗೋಡೆಯೂ ಹೀಗೇ ಒದ್ದೆ. ಆ ನೀರು ಚೀಲವನ್ನು ಸದಾ ಮುದುರಿಸಲು ನೋಡುತ್ತದೆ. ಚೀಲ ಚಿಕ್ಕದಾದಷ್ಟೂ ಮುದುರಿಸುವ ಒತ್ತಡ ಜಾಸ್ತಿ. ಒಂದು ಕೊಳವೆಯ ಎರಡು ತುದಿಗೆ ಒಂದು ಸಣ್ಣ, ಒಂದು ದೊಡ್ಡ ಸೋಪಿನ ಗುಳ್ಳೆ ಕೂರಿಸಿ. ಸಣ್ಣದು ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಕೊಟ್ಟು ತಾನು ಮಾಯ! ಬಲೂನ್ ಊದುವಾಗಲೂ ಮೊದಲ ಉಸಿರಿಗೇ ಕೆನ್ನೆ ನೋಯುವುದು. ಈ ಮಗುವಿಗೆ ಪ್ರತಿ ಉಸಿರೂ ಮೊದಲ ಉಸಿರೇ.

ನಮ್ಮನ್ನು ಕಾಯುವುದು ಸರ್ಫ್ಯಾಕ್ಟಂಟ್ ಎಂಬ ಜಿಡ್ಡು. ಶ್ವಾಸಕೋಶದಲ್ಲಿ ನೊರೆ ನಿಲ್ಲುವುದೂ ಇದರಿಂದಲೇ. ಅದರ ಕಣಗಳು ನೀರಿನ ಮೇಲೆ ಸಾಲಾಗಿ ನಿಂತು ಅದರ ಎಳೆತವನ್ನು ಸಡಿಲಿಸುತ್ತವೆ. ಚೀಲ ಕುಗ್ಗಿದಾಗ ಕಣಗಳು ತುಂಬಿದ ಬಸ್ಸಿನ ಜನರಂತೆ ಒತ್ತೊತ್ತಾಗುತ್ತವೆ, ಎಳೆತ ಇನ್ನೂ ಇಳಿಯುತ್ತದೆ. ಚೀಲ ಮುಚ್ಚಿಹೋಗುವ ಅಪಾಯ ಜಾಸ್ತಿಯಾದಷ್ಟೂ ಇದರ ಬಲ ಜಾಸ್ತಿ. ಮಾಮೂಲಿ ಸೋಪಿಗೆ ಈ ಜಾಣತನ ಇಲ್ಲ. ಸುಮಾರು 24ನೇ ವಾರದಿಂದ ತಯಾರಾಗತೊಡಗುವ ಈ ಜಿಡ್ಡು ಸಾಮಾನ್ಯವಾಗಿ 35ನೇ ವಾರದ ಹೊತ್ತಿಗೆ ಸಾಕಷ್ಟಾಗುತ್ತದೆ. ಏಳು ತಿಂಗಳು, ಎಂಟು ತಿಂಗಳ ಲೆಕ್ಕ ಈಗ ನೀವೇ ಹಾಕಿ.

ತಮಾಷೆ ಏನೆಂದರೆ, ಈ ತಿಳಿವಳಿಕೆಯ ಮೂಲ ಯುದ್ಧದ ವಿಷಾನಿಲಗಳ ಪ್ರಯೋಗಾಲಯಗಳಲ್ಲಿದೆ. ಇಂಗ್ಲೆಂಡಿನ ಪೋರ್ಟನ್ ಡೌನ್‌ನಲ್ಲಿ ರಿಚರ್ಡ್ ಪ್ಯಾಟಲ್, ಶ್ವಾಸಕೋಶದಿಂದ ಬಂದ ಗುಳ್ಳೆಗಳು ಯಾಕೆ ಒಡೆಯುವುದೇ ಇಲ್ಲ ಅಂತ 1955ರಲ್ಲಿ ಬರೆದರು. ಅಮೆರಿಕದ ಸೇನೆಯ ಎಜ್‌ವುಡ್‌ನಲ್ಲಿ ಜಾನ್ ಕ್ಲೆಮೆಂಟ್ಸ್ ಆ ಎಳೆತವನ್ನು ಅಳೆಯುವ ಉಪಕರಣ ಮಾಡಿಕೊಂಡಿದ್ದರು. ಬಾಸ್ಟನ್‌ನಲ್ಲಿದ್ದ ಏವರಿ, ಕ್ಲೆಮೆಂಟ್ಸ್‌ರನ್ನು ಹುಡುಕಿಕೊಂಡು ಹೋಗಿ ನೋಡಿಬಂದು, ತಾವೂ ಅಂಥದ್ದೊಂದನ್ನು ಮಾಡಿಕೊಂಡರು. 1959ರಲ್ಲಿ ಜೆರೆ ಮೀಡ್ ಜೊತೆ ಸೇರಿ ಬರೆದ ಪ್ರಬಂಧದ ಸಾರ ಇಷ್ಟೇ: ಕೊರತೆ ಈ ಜಿಡ್ಡಿನದು. ಪೊರೆ ರೋಗದ ಫಲ, ಕಾರಣ ಅಲ್ಲ.

ಕಾರಣ ಸಿಕ್ಕಿತು, ಮದ್ದು ಸಿಗಲಿಲ್ಲ. 1963ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ತೂಕ ಎರಡು ಕಿಲೋ ದಾಟಿತ್ತು. ಬಾಸ್ಟನ್ನಿನ ದೊಡ್ಡ ಡಾಕ್ಟರುಗಳು ಒತ್ತಡದ ಆಮ್ಲಜನಕದ ಕೋಣೆಯಲ್ಲಿಟ್ಟು ನೋಡಿದರು. ಮಗು ಬದುಕಿದ್ದು 39 ಗಂಟೆ.

ಆ ನರಳಿಕೆ ಅಂದೆನಲ್ಲ, ಅದು ಸುಮ್ನೆ ನೋವಿನ ಸದ್ದಲ್ಲ. ಮಗು ಗಂಟಲನ್ನು ಅರ್ಧ ಮುಚ್ಚಿ, ಗಾಳಿ ಪೂರ್ತಿ ಹೊರಹೋಗದಂತೆ ತಡೆಯುತ್ತಿರುತ್ತದೆ. ಜಾರ್ಜ್ ಗ್ರೆಗರಿ 1971ರಲ್ಲಿ ವರದಿ ಮಾಡಿದ ‘ಸಿಪ್ಯಾಪ್’ ಎಂಬ ಉಸಿರಾಟದ ನೆರವು ಮಾಡುವುದೂ ಅದನ್ನೇ, ಸದಾ ಒಂದಿಷ್ಟು ಒತ್ತಡ ಹಿಡಿದಿಡುವುದು. 1974ರಲ್ಲಿ ಏವರಿ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಮುಖ್ಯ ವೈದ್ಯರಾದರು, ಆ ಹುದ್ದೆಗೇರಿದ ಮೊದಲ ಹೆಣ್ಣು. 1980ರಲ್ಲಿ ಜಪಾನಿನ ತೆತ್ಸುರೋ ಫುಜಿವಾರ, ಹಸುವಿನ ಶ್ವಾಸಕೋಶದಿಂದ ತೆಗೆದ ಜಿಡ್ಡನ್ನು ಹತ್ತು ಮಕ್ಕಳಿಗೆ ಕೊಟ್ಟು ಗೆದ್ದರು. ಏವರಿ ತೀರಿಕೊಂಡದ್ದು 2011ರಲ್ಲಿ. ಅಷ್ಟರಲ್ಲಿ ಇದು ಮಾಮೂಲಿ ಚಿಕಿತ್ಸೆಯಾಗಿತ್ತು.

ಈಗ ಆ ಮದ್ದು ಪುಟ್ಟ ಬಾಟಲಿಯಲ್ಲಿ ಬರುತ್ತದೆ, ನೋಡಲು ಹಾಲಿನಂತೆ. ಒಂದು ಕಿಲೋ ತೂಕದ ಮಗುವಿಗೆ ಒಂದು ಟೀ ಚಮಚದಷ್ಟೂ ಬೇಡ. ತೆಳ್ಳನೆಯ ಕೊಳವೆಯಿಂದ ಶ್ವಾಸನಾಳಕ್ಕೆ ಇಳಿಸುತ್ತಾರೆ. ಸ್ವಲ್ಪ ಹೊತ್ತಿಗೆ ನೀಲಿಗಟ್ಟಿದ ತುಟಿ ಕೆಂಪಾಗುತ್ತದೆ, ಪಕ್ಕೆಯ ಚರ್ಮ ಜಗ್ಗುವುದು ಕಡಿಮೆಯಾಗುತ್ತದೆ. ನರ್ಸ್ ಆಮ್ಲಜನಕವನ್ನು ಒಂದೊಂದೇ ಗೆರೆ ಇಳಿಸುತ್ತಾ ಹೋಗುತ್ತಾರೆ.