ಓದುಗರ ಪ್ರಶ್ನೆಗೆ ಉತ್ತರ: ‘ಪಾಪಿ ಚಿರಾಯು’ ಎಂಬ ಮಾತು ನಿಜವೇ?

ಪ್ರಶ್ನೆ: ಸರ್, ಮನೆಮಂದಿಯನ್ನೆಲ್ಲ ಬೈದುಕೊಂಡೇ ಬಾಳಿದ ನಮ್ಮ ದೊಡ್ಡಮ್ಮನಿಗೆ ಈಗ 94 ವರ್ಷ. ಯಾರಿಗೂ ಒಂದು ಕೆಟ್ಟ ಮಾತಾಡದ ನಮ್ಮ ತಂದೆ 61ಕ್ಕೇ ಹೋದರು. ‘ಪಾಪಿ ಚಿರಾಯು’ ಎಂಬುದಕ್ಕೆ ವಿಜ್ಞಾನದಲ್ಲಿ ಏನಾದರೂ ಆಧಾರವಿದೆಯೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ದಾವಣಗೆರೆಯಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತಿದ್ದಷ್ಟು ಕಾಲವೂ ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಇದನ್ನು ಕೇಳುತ್ತಿದ್ದ. ನಿವೃತ್ತನಾದ ಮೇಲೆ ಕುಂದುವಾಡ ಕೆರೆಯ ಏರಿಯ ಮೇಲೆ ವಾಕಿಂಗ್ ಹೋದಾಗಲೂ, ಸಾವಿನ ಮನೆಯಲ್ಲಿ ಕುಳಿತಾಗಲೂ ಇದೇ ಮಾತು ಬರುತ್ತದೆ. ಎಷ್ಟೋ ಸಲ ಹೇಳಿದ ಉತ್ತರವನ್ನೇ ಮತ್ತೆ ಹೇಳುತ್ತೇನೆ: ಆಧಾರವಿಲ್ಲ. ಸ್ವಭಾವಕ್ಕೂ ಆಯುಸ್ಸಿಗೂ ನಂಟಿರುವುದು ನಿಜ, ಆದರೆ ಅದು ಗಾದೆ ತೋರಿಸುವ ದಿಕ್ಕಿನಲ್ಲಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಸುಮಾರು 1,500 ಬುದ್ಧಿವಂತ ಮಕ್ಕಳ ಅಧ್ಯಯನ ಆರಂಭಿಸಿ, ಒಬ್ಬೊಬ್ಬರ ಸ್ವಭಾವ ಎಂಥದೆಂದು ತಂದೆತಾಯಿಯರನ್ನೂ ಶಿಕ್ಷಕರನ್ನೂ ಕೇಳಿ ಬರೆದಿಟ್ಟುಕೊಂಡರು. ದಶಕಗಳ ಮೇಲೆ ಹೊವರ್ಡ್ ಫ್ರೀಡ್‌ಮನ್ ಮತ್ತು ಸಂಗಡಿಗರು ಅದೇ ಮಕ್ಕಳ ಮರಣಪತ್ರಗಳನ್ನು ಹುಡುಕಿ ಕಲೆಹಾಕಿ, ಹಳೆಯ ಬರಹದೊಂದಿಗೆ ತಾಳೆ ನೋಡಿ, 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕ್ಕಂದಿನಲ್ಲಿ ಅಚ್ಚುಕಟ್ಟಾಗಿದ್ದವರು, ಮುಂದಾಲೋಚನೆಯುಳ್ಳವರು, ಹಿಡಿದ ಕೆಲಸ ಬಿಡದವರು ಹೆಚ್ಚು ಕಾಲ ಬದುಕಿದ್ದರು. ಸದಾ ನಗುನಗುತ್ತಾ, ಎಲ್ಲವನ್ನೂ ಹಗುರವಾಗಿ ತೆಗೆದುಕೊಳ್ಳುತ್ತಿದ್ದ ಮಕ್ಕಳ ಆಯುಸ್ಸು ಸರಾಸರಿಯಲ್ಲಿ ಕಡಿಮೆಯೇ ಇತ್ತು. ಒಂದೇ ಅಧ್ಯಯನವನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತಿದ್ದವನು ನಾನು. ಆದ್ದರಿಂದ ಇದನ್ನೂ ಸೇರಿಸುತ್ತೇನೆ: 2008ರಲ್ಲಿ 20 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಈ ಅಚ್ಚುಕಟ್ಟು ಗುಣಕ್ಕೂ ದೀರ್ಘಾಯುಸ್ಸಿಗೂ ನಂಟು ಕಂಡುಬಂದಿತು.

ಹಾಗಾದರೆ ಗಾದೆ ಏಕೆ ಇಷ್ಟು ಗಟ್ಟಿಯಾಗಿ ನಿಂತಿದೆ? ಮೊದಲನೆಯದಾಗಿ, ಅದು ನೆನಪಿನ ಮೇಲೆ ನಿಂತಿದೆ, ಎಣಿಕೆಯ ಮೇಲಲ್ಲ. ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೆಯ ವಯಸ್ಸಿಗೆ ತೀರಿಕೊಂಡಾಗ ‘ಒಳ್ಳೆಯವರಿಗೆ ಆಯುಸ್ಸು ಕಡಿಮೆ’ ಎಂದು ಹೇಳದವರಿರಲಿಲ್ಲ. ಅದು ದುಃಖದ ಮಾತು, ನಾನೂ ಹೇಳಿದ್ದೇನೆ. ಆದರೆ ಅದೇ ನಾಡಿನಲ್ಲಿ ವಿಶ್ವೇಶ್ವರಯ್ಯನವರು 100 ವರ್ಷ ದಾಟಿದರು, ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111 ವರ್ಷ ಇದ್ದರು, ನಿಮ್ಮದೇ ಚಿತ್ರದುರ್ಗದಲ್ಲಿ ನಿಜಲಿಂಗಪ್ಪನವರು 97ರವರೆಗೆ ಬಾಳಿದರು. ಇವರ ವಿಷಯದಲ್ಲಿ ಗಾದೆಯನ್ನು ಯಾರೂ ನೆನೆಯಲಿಲ್ಲ. ಈ ಹೆಸರುಗಳೂ ಪುರಾವೆಯಲ್ಲ. ಬಿಡಿ ಉದಾಹರಣೆಗಳನ್ನು ನಂಬುವವರು ಎರಡೂ ಕಡೆಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದಷ್ಟೇ ನನ್ನ ಆಗ್ರಹ.

ಎರಡನೆಯದಾಗಿ, 94ರಲ್ಲಿ ನೀವು ಕಾಣುತ್ತಿರುವ ಸಿಡುಕು ಹುಟ್ಟುಗುಣವೇ ಆಗಿರಬೇಕಾಗಿಲ್ಲ. ಕಿವಿ ಕೇಳದೆ, ಮಂಡಿ ಎತ್ತಿಡಲಾಗದೆ, ಜೊತೆಯವರೆಲ್ಲ ಹೋದ ಮೇಲೆ ಉಳಿದವರ ದನಿ ಏರುವುದು ಸಹಜ. ಅರವತ್ತೊಂದಕ್ಕೆ ಹೋದವರಿಗೆ ಆ ಪರೀಕ್ಷೆಯೇ ಬರಲಿಲ್ಲ.

ಮೂರನೆಯದೇ ಮುಖ್ಯವಾದದ್ದು: ನಾವು ‘ಪಾಪಿ’ ಎಂದು ಕರೆಯುವುದು ಯಾರನ್ನು? ನನ್ನ ಸೋದರತ್ತೆಯನ್ನು ಓಣಿಯವರೆಲ್ಲ ‘ಜೋರಿನ ಅಜ್ಜಿ’ ಎನ್ನುತ್ತಿದ್ದರು. ಹಾಲಿನವನು ಹತ್ತು ನಿಮಿಷ ತಡಮಾಡಿದರೆ ಬಾಗಿಲಲ್ಲೇ ನಿಂತು ಕೇಳುವವರು. ಬಿಪಿ ಗುಳಿಗೆಯ ಸ್ಟ್ರಿಪ್ಪನ್ನು ಕತ್ತರಿಯಿಂದ ಏಳು ತುಂಡು ಮಾಡಿ ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟು, ಭಾನುವಾರ ರಾತ್ರಿ ಅದು ಖಾಲಿಯಾಗಿದೆಯೇ ಎಂದು ತಾವೇ ಬಗ್ಗಿ ನೋಡುತ್ತಿದ್ದರು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಂದರೆ ಒಂದೇ ಮೆಣಸಿನಕಾಯಿ ತಿಂದು ಕೈ ತೊಳೆಯುವರು. ಪ್ರೀತಿಯಿಂದ ಇನ್ನೊಂದು ಹಾಕಲು ಬಂದ ಸೊಸೆಗೆ ಬೈಗುಳ. ದೀಪ ಹಾಕದೆ ಬಚ್ಚಲಿಗೆ ಕಾಲಿಟ್ಟವರಲ್ಲ. ಓಣಿಯ ಕಣ್ಣಿಗೆ ಇದೆಲ್ಲ ಜೋರು, ಮನಃಶಾಸ್ತ್ರದ ಕಣ್ಣಿಗೆ ಇದೇ ಅಚ್ಚುಕಟ್ಟು. ಹಿರಿಯರನ್ನು ಕಾಪಾಡುವುದು ಅವರ ಬೈಗುಳವಲ್ಲ, ಬೈಗುಳದ ಹಿಂದಿರುವ ಕಟ್ಟುನಿಟ್ಟು. ಇಂಥವರು ಬೀಡಿ, ಕುಡಿತಗಳಿಗೆ ಕಡಿಮೆ ಬೀಳುತ್ತಾರೆ, ಔಷಧಿ ತಪ್ಪಿಸುವುದಿಲ್ಲ, ಕೈಗೆ ಸಿಕ್ಕ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಇಷ್ಟಾದರೂ ಸ್ವಭಾವವೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಫ್ರಾನ್ಸಿನ ಝಾನ್ ಕಾಲ್ಮಾಂ ಬಹುಕಾಲ ಸಿಗರೇಟು ಸೇದಿಯೂ 122 ವರ್ಷ ಬದುಕಿ 1997ರಲ್ಲಿ ತೀರಿಕೊಂಡರು. ಡೆನ್ಮಾರ್ಕಿನಲ್ಲಿ 1870ರಿಂದ 1900ರ ನಡುವೆ ಹುಟ್ಟಿದ ಅವಳಿಗಳ ಅಧ್ಯಯನದ ಪ್ರಕಾರ ಜನರ ಆಯುಸ್ಸಿನ ಹೆಚ್ಚುಕಡಿಮೆಯಲ್ಲಿ ವಂಶವಾಹಿಗಳ ಪಾಲು ಸುಮಾರು ಕಾಲುಭಾಗ. ಉಳಿದದ್ದರಲ್ಲಿ ಸೋಂಕು, ಅಪಘಾತ, ಬಡತನ, ಚಿಕಿತ್ಸೆ, ಬರೀ ಅದೃಷ್ಟ ಎಲ್ಲವೂ ಸೇರಿವೆ. ಆದ್ದರಿಂದ ನಿಮ್ಮ ತಂದೆ ಮೃದು ಸ್ವಭಾವದಿಂದಾಗಿ ಬೇಗ ಹೋದರೆಂದು ದಯವಿಟ್ಟು ಭಾವಿಸಬೇಡಿ. ಮೃದುತನ ಯಾರನ್ನೂ ಕೊಲ್ಲುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು: ನೂರು ದಾಟಿದವರ ಸ್ವಭಾವ ಅಳೆಯುವ ಮುನ್ನ ಅವರು ನಿಜವಾಗಿ ನೂರು ದಾಟಿದ್ದಾರೆಯೇ ಎಂದು ನೋಡಬೇಡವೇ? ದೇಶಕ್ಕೆಲ್ಲ ಅನ್ವಯಿಸುವ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಹಿಂದಿನವರಲ್ಲಿ ಎಷ್ಟೋ ಮಂದಿಯ ಹುಟ್ಟಿದ ದಿನ ಶಾಲೆಗೆ ಸೇರಿಸಿದ ಮೇಷ್ಟ್ರು ಬರೆದ ಜೂನ್ 1. ಶಾಲೆಯ ಮುಖ ಕಾಣದವರದು ಬಾಯಿಲೆಕ್ಕ. ನಮ್ಮೂರಿನ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ‘ಜಾತ್ರೆಯ ವರ್ಷ ಹುಟ್ಟಿದ್ದು’ ಎಂದರೆ ಯಾವ ಜಾತ್ರೆ ಎಂಬುದೇ ತೀರ್ಮಾನವಾಗುವುದಿಲ್ಲ. ಇದು ನಮ್ಮ ಕಡೆಯ ದೋಷ ಮಾತ್ರವಲ್ಲ. ಅಮೆರಿಕದ ರಾಜ್ಯಗಳಲ್ಲಿ ಜನನ ನೋಂದಣಿ ಜಾರಿಗೆ ಬಂದ ಮೇಲೆ 110 ದಾಟಿದವರೆಂಬ ದಾಖಲೆಗಳು ಶೇ. 69ರಿಂದ 82ರಷ್ಟು ಕುಸಿದವೆಂದು ಸಾಲ್ ನ್ಯೂಮನ್ ಎಂಬ ಸಂಶೋಧಕರು ತೋರಿಸಿದ್ದಾರೆ.

ಹೀಗಾಗಿ ‘ನಮ್ಮ ಅಜ್ಜನಿಗೆ 112’ ಎಂದು ಬರೆಯುವವರು ಅಜ್ಜನ ತಮ್ಮ ತಂಗಿಯರಲ್ಲಿ ಯಾರಾದರೂ ಶಾಲೆಗೆ ಹೋಗಿದ್ದರೆ ದಾಖಲಾತಿ ಪುಸ್ತಕದಲ್ಲಿರುವ ವರ್ಷವನ್ನೂ, ಹಿರಿಯ ಮಗುವಿನ ವಯಸ್ಸನ್ನೂ ಜೊತೆಗೆ ಬರೆಯಿರಿ. ಸೋದರತ್ತೆಗೆ ನೂರು ತುಂಬಿತೆಂದು ಮನೆಯವರು ಸಮಾರಂಭಕ್ಕೆ ಅಣಿಯಾದಾಗ ನಾನೂ ಹೀಗೆಯೇ ಅವರ ತಮ್ಮನ, ಅಂದರೆ ನನ್ನ ತಂದೆಯ ಶಾಲಾ ದಾಖಲೆ ಹುಡುಕಿಸಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ, 96 ಬಂದಿತು. ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡಿದ್ದಾಗ ಅವರೊಬ್ಬರೇ ಕನ್ನಡಕ ತರಿಸಿಕೊಂಡು, ಲೆಕ್ಕವನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಬೆರಳಿಟ್ಟು ನೋಡಿ, ‘ಸರಿ ಐತಿ. ಇಲ್ಲದ ನಾಲ್ಕು ವರ್ಷ ನನಗ್ಯಾಕೆ’ ಎಂದು ಹಾಳೆಯನ್ನು ಮಡಚಿ ಗುಳಿಗೆಯ ಬಾಟಲಿಯ ಕೆಳಗೆ ಇಟ್ಟುಕೊಂಡರು.