ಮಳೆಗಾಲದಲ್ಲಿ ಸ್ವಂತ ದೋಣಿಯಲ್ಲಿ ಮಂಗಳೂರಿನಿಂದ ಮಲ್ಪೆಗೆ ಹೋಗಬಹುದೇ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಔಟ್‌ಬೋರ್ಡ್ ಇಂಜಿನ್ನಿನ ಸಣ್ಣ ಫೈಬರ್ ದೋಣಿ ಕೊಂಡಿದ್ದೇವೆ. ಜುಲೈಯಲ್ಲಿ ಮಳೆ ನೋಡಿಕೊಂಡು, ದಡದ ಹತ್ತಿರವೇ ಮಲ್ಪೆವರೆಗೆ ಹೋಗುವ ಆಸೆ. ನಾಡದೋಣಿಯವರು ಹೋಗುತ್ತಾರಲ್ಲ, ನಾವೂ ಹೋಗಬಹುದೇ?

ಉತ್ತರ: ಬೇಡ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಈ ಯೋಚನೆ ಬಿಟ್ಟುಬಿಡಿ. ಮಳೆಯಲ್ಲಿ ದೋಣಿ ಹತ್ತುವ ಆಸೆಯನ್ನು ಮಾತ್ರ ಬಿಡಬೇಕಾಗಿಲ್ಲ, ಅದಕ್ಕೆ ಬೇರೆ ಜಾಗವಿದೆ.

ಕಡಲಲ್ಲಿ ಮಲ್ಪೆಗೆ ಸುಮಾರು 55 ಕಿ.ಮೀ. ಮಳೆ ಹಿಂದೆ ಸರಿದ ಮೇಲೆ, ಬೆಳಗಿನ ಹೊತ್ತು ಇದು ಅಂಥ ದೂರವೇನಲ್ಲ. ಮಳೆಗಾಲದಲ್ಲಿ ನನಗೆ ಹೆದರಿಕೆ ಇರುವುದು ನಡುಕಡಲಿಗಿಂತ ಅಳಿವೆ ಬಾಗಿಲಿನದು, ಅಂದರೆ ನದಿ ಕಡಲು ಸೇರುವ ಬಾಯಿಯದು. ಹಳೇ ಬಂದರಿನಿಂದ ಹೊರಟರೆ ನೇತ್ರಾವತಿ, ಫಲ್ಗುಣಿ ಒಟ್ಟಾಗಿ ಕಡಲು ಸೇರುವಲ್ಲಿ ದಾಟಲೇಬೇಕು. ಅಲ್ಲಿ ಮರಳು, ಹೂಳು ತುಂಬಿ ಆಳ ಕಡಿಮೆ. ಘಟ್ಟದಲ್ಲಿ ಜೋರು ಮಳೆಯಾದರೆ ಕೆಂಪು ನೀರು ಭರದಿಂದ ಹೊರಗೆ ನುಗ್ಗುತ್ತದೆ. ಪಡುವಣದ ಅಲೆ ಅದಕ್ಕೆ ಎದುರಾಗಿ ಗೋಡೆಯಂತೆ ಕಡಿದಾಗಿ ಏಳುತ್ತದೆ. ಇಳಿತದ ಹೊತ್ತಿನಲ್ಲಂತೂ ಸೆಳೆತ ಇನ್ನೂ ಹೆಚ್ಚು.

ಹೊರಗೆ ಹೋಗುವಾಗ ಅಲೆ ಕಣ್ಣೆದುರು ಇರುತ್ತದೆ, ದೋಣಿಯ ಮೂತಿ ಕೊಟ್ಟು ಹತ್ತಿಸಬಹುದು. ವಾಪಸು ಬರುವಾಗ ಅದು ಬೆನ್ನ ಹಿಂದೆ. ಹಿಂಬದಿ ಮೇಲೆದ್ದು ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗುತ್ತದೆ, ಮೂತಿ ನೀರಿಗೆ ಇಳಿಯುತ್ತದೆ, ಹಿಡಿತ ತಪ್ಪಿದ ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆ ಪಕ್ಕಕ್ಕೆ ಬಡಿದರೆ ಮಗುಚಿತೆಂದೇ ಲೆಕ್ಕ. ಬೆಳಿಗ್ಗೆ ಸುಲಭವಾಗಿ ಹೊರಬಿದ್ದವರಿಗೆ ಸಂಜೆ ಒಳಬರಲು ಆಗದಿರುವುದು ಹೀಗೆ. ದಾರಿಯ ನಡುವೆ ಮುಲ್ಕಿಯಲ್ಲಿ ಒಳಸೇರೋಣವೆಂದರೆ ಶಾಂಭವಿ–ನಂದಿನಿಯದೂ ಅಳಿವೆಯೇ.

ದಡದ ಹತ್ತಿರ ಹೋದರೆ ಕ್ಷೇಮ ಎಂದುಕೊಂಡಿದ್ದೀರಿ. ಇದು ತಿರುಗುಮುರುಗು. ಅಲೆ ಒಡೆಯುವುದು ಅದರ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳದ ನೀರಿನಲ್ಲಿ. ಜುಲೈಯ ಮುನ್ಸೂಚನೆಗಳಲ್ಲಿ 3 ಮೀಟರ್ ಅಲೆ ಸಾಮಾನ್ಯ. ಅದು ಹತ್ತಿರ ಹತ್ತಿರ 4 ಮೀಟರ್ ಆಳದಲ್ಲೇ ಒಡೆಯುತ್ತದೆ. ಸುರತ್ಕಲ್, ಕಾಪು ಕಡೆ ಬಂಡೆಗಳೂ ಇವೆ. ಇಂಜಿನ್ ಕೈಕೊಟ್ಟರೆ ಗಾಳಿ ನೂಕುವುದು ಆ ಬಂಡೆಗಳತ್ತಲೇ. 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತದ ಹೊತ್ತಿಗೆ, ಕೋರಮಂಡಲ್ ಸಪೋರ್ಟರ್ ಎಂಬ ಟಗ್ (ಹಡಗು ಎಳೆಯುವ ದೋಣಿ) ಈ ಭಾಗದಲ್ಲೇ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಕಾಪಾಡಬೇಕಾಯಿತು.

ಇನ್ನು ನಾಡದೋಣಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ವಿನಾಯಿತಿ. ಈ ನಿಯಮ ಮೀನಿನ ಸಂತತಿಯನ್ನು ಉಳಿಸಲು ಮಾಡಿದ್ದು. ವಿನಾಯಿತಿ ಇದೆಯೆಂದರೆ ಕಡಲು ಸುರಕ್ಷಿತವೆಂದು ಅರ್ಥವಲ್ಲ. ನಾಡದೋಣಿಯವರೂ ತೂಫಾನು ಇಳಿದು ಕಡಲು ತಣಿಯುವವರೆಗೆ ದಡದಲ್ಲೇ ಕಾಯುತ್ತಾರೆ, ಗುಂಪಾಗಿ ಹೊರಡುತ್ತಾರೆ. ಹುಟ್ಟಿದಾಗಿನಿಂದ ಆ ಅಳಿವೆ ಕಂಡವರೂ ಮಳೆಗಾಲದಲ್ಲಿ ದೋಣಿ ಮಗುಚಿ ಜೀವ ಕಳೆದುಕೊಂಡಿದ್ದಾರೆ.

ಹಾಗಾದರೆ ಎಲ್ಲಿಗೆ? ಉಡುಪಿ ಬಳಿಯ ಹಂಗಾರಕಟ್ಟೆ, ಕೆಮ್ಮಣ್ಣು ಸುತ್ತಿನ ಹಿನ್ನೀರಿಗೆ ಹೋಗಿ. ಸ್ವರ್ಣಾ, ಸೀತಾ ನದಿಗಳು ಹರಡಿಕೊಂಡ ಜಾಗ. ಕುದ್ರುಗಳ (ನದಿ ನಡುವಿನ ದ್ವೀಪಗಳ) ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಮಳೆಯಲ್ಲಿ ಕಡು ಹಸಿರಾಗಿರುತ್ತವೆ, ಗಾಳಿಗೆ ತೆಂಗಿನ ತೋಟಗಳ ಮರೆ ಸಿಗುತ್ತದೆ. ನನ್ನ ಮಟ್ಟಿಗೆ ಕರಾವಳಿಯ ಮಳೆ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಘಟ್ಟದಲ್ಲಿ ರೆಡ್ ಅಲರ್ಟ್ ಇರುವ ದಿನ ಮಾತ್ರ ಇಲ್ಲಿಗೂ ಇಳಿಯಬೇಡಿ. ನೆರೆಯಲ್ಲಿ ತೇಲಿ ಬರುವ ಮರದ ದಿಮ್ಮಿ ಕೆಂಪು ನೀರಿನಲ್ಲಿ ಕಾಣುವುದಿಲ್ಲ. ಕಿಂಡಿ ಅಣೆಕಟ್ಟುಗಳಿಂದ ದೂರವಿರಿ. ಹಲಗೆ ತೆಗೆದ ಕಿಂಡಿಯ ಸೆಳೆತಕ್ಕೆ ಸಣ್ಣ ದೋಣಿ ತಡೆಯುವುದಿಲ್ಲ. ಕೋಡಿ ಬೆಂಗ್ರೆಯ ಅಳಿವೆ ಕಡೆಗೂ ಹೋಗಬೇಡಿ.

ಮಲ್ಪೆ ಪ್ರಯಾಣವನ್ನು ಅಕ್ಟೋಬರ್ ಕಳೆದ ಮೇಲೆ ಇಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಪಡುಗಾಳಿ ಏಳುವುದರಿಂದ ನಸುಕಿಗೇ ಹೊರಡಿ. ಮಳೆಗಾಲ ಕಳೆದಾಗ ಅಳಿವೆಯ ಮರಳದಿಬ್ಬ ಜಾಗ ಬದಲಿಸಿರುತ್ತದೆ. ಮೊದಲ ಸಲ ಅನುಭವಿ ತಾಂಡೇಲರೊಬ್ಬರನ್ನು (ದೋಣಿ ನಡೆಸುವ ಮುಖ್ಯಸ್ಥ) ಜೊತೆಗೆ ಕರೆದುಕೊಳ್ಳಿ, ಉಬ್ಬರದಲ್ಲೇ ದಾಟಿ. ದೋಣಿಯ ನೋಂದಣಿ ಬಗ್ಗೆ ಬಂದರು ಇಲಾಖೆಯಲ್ಲಿ ಈಗಲೇ ವಿಚಾರಿಸಿ. ಎಷ್ಟು ಜನ, ಎಷ್ಟು ಹೊತ್ತಿಗೆ ಮಲ್ಪೆ ಸೇರುತ್ತೀರಿ ಎಂಬುದನ್ನು ಮನೆಯಲ್ಲೂ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲೂ ತಿಳಿಸಿ ಹೊರಡಿ. ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡ್‌ನದು 1554.