71 ಅಂದರೆ ಬರೀ 71 ಅಲ್ಲ

ಐಕ್ಯೂ ರಿಪೋರ್ಟ್ ಕೈಗೆ ಬಂದ ಕೂಡಲೇ ಅಪ್ಪ-ಅಮ್ಮಂದಿರ ಕಣ್ಣು ಕೊನೆಯ ಪುಟಕ್ಕೆ ಓಡುತ್ತದೆ. ಅಲ್ಲಿ ದಪ್ಪ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ. ಅದನ್ನು ನೋಡಿದ ಮೇಲೆ ಉಳಿದ ಪುಟಗಳು ಯಾರಿಗೂ ಬೇಡ. ಮಗು ಎಲ್ಲಿ ತಡವರಿಸಿತು, ಯಾವುದನ್ನು ಖುಷಿಯಿಂದ ಮಾಡಿತು ಅಂತ ನಾವು ಕೂತು ಬರೆದದ್ದೆಲ್ಲ ಫೈಲಿನೊಳಗೆ ಸುಮ್ನೆ ಬಿದ್ದಿರುತ್ತದೆ. ಆ ಅಂಕಿ ಮಾತ್ರ ಸಂಜೆಯೊಳಗೆ ಸೋದರಮಾವನಿಗೆ, ಶಾಲೆಯ ಹೆಡ್‌ಮಿಸ್ಸಿಗೆ, ಪಕ್ಕದ ಮನೆಯವರಿಗೆ ಫೋನಿನಲ್ಲಿ ತಲುಪಿರುತ್ತದೆ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮಕ್ಕಳ ಬುದ್ಧಿಶಕ್ತಿ ಅಳೆಯುವುದು ನನ್ನ ದಿನನಿತ್ಯದ ಕೆಲಸ. ಬುದ್ಧಿ ಅಂದರೇನು, ಅದನ್ನು ಯಾಕೆ ಅಳೆಯಬೇಕು ಅನ್ನುವ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ಒಂದೇ ವಿಷಯ ಹೇಳಬೇಕಿದೆ. ಆ ಅಂಕಿಯ ಎರಡೂ ಕಡೆ ಒಂದಷ್ಟು ಜಾಗ ಇರುತ್ತದೆ. ಮಗುವಿನ ನಿಜವಾದ ಮಟ್ಟ ಆ ಜಾಗದೊಳಗೆ ಎಲ್ಲೋ ಇರಬಹುದು. ಇಲ್ಲೇ ಇದೆ ಅಂತ ಬೆರಳಿಟ್ಟು ತೋರಿಸಲು ನನಗೆ ಆಗುವುದಿಲ್ಲ. ಎಷ್ಟೇ ದೊಡ್ಡ ಆಸ್ಪತ್ರೆಗೆ ಹೋದರೂ ಅಲ್ಲಿನವರಿಗೂ ಆಗುವುದಿಲ್ಲ.

ಅದಕ್ಕೆ ಮೊದಲು ಇನ್ನೊಂದು ಗೊಂದಲ ತೀರಿಸಿಬಿಡುತ್ತೇನೆ. ತುಮಕೂರು ಕಡೆಯ ರೈತರೊಬ್ಬರು ಮಗನ ರಿಪೋರ್ಟಿನಲ್ಲಿ 68 ನೋಡಿದರು. ಅವರ ಮುಖ ಅರಳಿತು. "ನೂರಕ್ಕೆ 68 ಅಂದ್ರೆ ಫಸ್ಟ್ ಕ್ಲಾಸ್ ಅಲ್ವಾ ಮೇಡಂ? ಮೇಷ್ಟ್ರು ಸುಮ್ನೆ ಹೆದರಿಸಿದ್ರು ನಮ್ಮನ್ನ" ಅಂದರು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಮೊದಲು ಅವರಿಗೆ ಕೂರಲು ಹೇಳಿದೆ, ಆಮೇಲೆ ನಿಧಾನವಾಗಿ ವಿವರಿಸಿದೆ. ಐಕ್ಯೂ ಅನ್ನುವುದು ನೂರಕ್ಕೆ ಇಷ್ಟು ಅಂತ ಕೊಡುವ ಮಾರ್ಕ್ಸ್ ಅಲ್ಲ. ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಅಂತ ಇಟ್ಟುಕೊಂಡು, ನಮ್ಮ ಮಗು ಅಲ್ಲಿಂದ ಎಷ್ಟು ದೂರ ಇದೆ ಅಂತ ಅದು ಹೇಳುತ್ತದೆ. 85ರಿಂದ 115ರೊಳಗೆ ಮೂರರಲ್ಲಿ ಎರಡು ಪಾಲು ಮಕ್ಕಳು ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರಕ್ಕೆ ಇಬ್ಬರು ಚಿಲ್ಲರೆ ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಸೆಗ್ವಿನ್ ಫಾರ್ಮ್ ಬೋರ್ಡ್ ಅಂತ ಒಂದು ಪರೀಕ್ಷೆ ಇದೆ. ತುಂಬ ಹಳೆಯದು, ಎಲ್ಲರಿಗೂ ಗೊತ್ತಿರುವುದು. ಹಾಗಾಗಿ ಅದರ ಬಗ್ಗೆ ಹೇಳಿದರೆ ಪರೀಕ್ಷೆ ಕೆಡುವುದಿಲ್ಲ. ಒಂದು ಮರದ ಹಲಗೆ, ಅದರಲ್ಲಿ ಹತ್ತು ಗುಳಿ, ಅವಕ್ಕೆ ಸರಿಹೊಂದುವ ಹತ್ತು ಮರದ ತುಂಡು. ನಕ್ಷತ್ರ, ವೃತ್ತ, ಚೌಕ ಹೀಗೆ. ಮಗು ಆದಷ್ಟು ಬೇಗ ಅವನ್ನು ಗುಳಿಯಲ್ಲಿ ಕೂರಿಸಬೇಕು. ನಾವು ಸ್ಟಾಪ್‌ವಾಚ್ ಹಿಡಿದು ಕೂತಿರುತ್ತೇವೆ. ಏಳು ವರ್ಷದ ಹುಡುಗಿಯೊಬ್ಬಳು ಮೊದಲ ಸಲ 34 ಸೆಕೆಂಡ್ ತೆಗೆದುಕೊಂಡಳು. ಎರಡನೇ ಸಲ 26. ಮೂರನೇ ಸಲ ನಕ್ಷತ್ರದ ತುಂಡು ಕೈಯಿಂದ ಜಾರಿ ಮೇಜಿನ ಕೆಳಗೆ ಹೋಯಿತು. ಅವಳು ನಗುತ್ತಾ ಬಗ್ಗಿ ಎತ್ತಿಕೊಂಡಳು, 31 ಆಯಿತು. ಒಂದೇ ಮಗು, ಒಂದೇ ಹಲಗೆ, ಒಂದೇ ಬೆಳಿಗ್ಗೆ. ಈ ಮೂರರಲ್ಲಿ ಅವಳ ನಿಜವಾದ ವೇಗ ಯಾವುದು? ಪರೀಕ್ಷೆ ರೂಪಿಸಿದವರಿಗೆ ಈ ಏರುಪೇರು ಗೊತ್ತಿತ್ತು. ಅದಕ್ಕೇ ಮೂರು ಸಲ ಮಾಡಿಸಿ, ಕಡಿಮೆ ಸಮಯವನ್ನು ತೆಗೆದುಕೊಳ್ಳಿ ಅಂತ ನಿಯಮ ಇಟ್ಟಿದ್ದಾರೆ.

ಉಳಿದ ಪರೀಕ್ಷೆಗಳಲ್ಲಿ ಹೀಗೆ ಮೂರು ಸಲ ಕೇಳುವ ಹಾಗಿಲ್ಲ. ಒಂದು ಪ್ರಶ್ನೆಗೆ ಒಂದೇ ಸಲ ಉತ್ತರ. ಆದರೆ ಏರುಪೇರು ಅಲ್ಲೂ ಇದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಮಗು ಬೆಳಿಗ್ಗೆ ಐದಕ್ಕೆ ಎದ್ದು ಬಸ್ಸು ಹತ್ತಿ ಬಂದಿರುತ್ತದೆ. ಫಿಟ್ಸ್ ಮಾತ್ರೆಯ ಡೋಸ್ ಹೋದ ವಾರವಷ್ಟೇ ಜಾಸ್ತಿ ಆಗಿರುತ್ತದೆ. ಒಂದು ಪ್ರಶ್ನೆಗೆ ಊಹೆ ಮಾಡಿ ಹೇಳಿದ್ದು ಸರಿಯಾಗಿಬಿಡುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ನಾನು ಕೇಳುವುದು ಕನ್ನಡದಲ್ಲಿ. ಇವೆಲ್ಲ ಸೇರಿ ಅಂಕವನ್ನು ಮೇಲಕ್ಕೋ ಕೆಳಕ್ಕೋ ಒಂದಿಷ್ಟು ತಳ್ಳುತ್ತವೆ.

ಎಷ್ಟು ತಳ್ಳಬಹುದು ಅಂತ ಲೆಕ್ಕ ಹಾಕುವ ದಾರಿ ಇದೆ. ಸ್ಟ್ಯಾಂಡರ್ಡ್ ಎರರ್ ಆಫ್ ಮೆಷರ್‌ಮೆಂಟ್ ಅನ್ನುತ್ತೇವೆ. ಒಂದು ಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಮತ್ತೆ ಮಾಡಿದರೂ ಅಂಕ ಎಷ್ಟರಮಟ್ಟಿಗೆ ಹಾಗೇ ಬರುತ್ತದೆ ಅನ್ನುವುದು, 1ಕ್ಕೆ 0.91 ಇದೆ ಅಂದುಕೊಳ್ಳಿ. ಇದು ಒಳ್ಳೆಯ ಪರೀಕ್ಷೆಯೇ. 1ರಿಂದ 0.91 ಕಳೆದರೆ 0.09. ಅದರ ವರ್ಗಮೂಲ 0.3. ಸರಾಸರಿಯಿಂದ ಅಂಕಗಳು ಚದುರುವ ಹರವು (ಸ್ಟ್ಯಾಂಡರ್ಡ್ ಡೀವಿಯೇಷನ್) 15 ಇದ್ದರೆ, 15ನ್ನು 0.3ರಿಂದ ಗುಣಿಸಿ, 4.5 ಬಂತು. ನೂರಕ್ಕೆ 95ರಷ್ಟು ಭರವಸೆ ಬೇಕು ಅಂದರೆ ಅದರ ಸುಮಾರು ಎರಡರಷ್ಟು, ಅಂದರೆ ಆ ಕಡೆ 9, ಈ ಕಡೆ 9. ರಿಪೋರ್ಟಿನಲ್ಲಿ 71 ಇದ್ದರೆ ಅದನ್ನು 62ರಿಂದ 80 ಅಂತ ಓದಬೇಕು. ಶಿಸ್ತಾಗಿ ಹೇಳುವುದಾದರೆ ಈ ವ್ಯಾಪ್ತಿಯ ನಡು ಸ್ವಲ್ಪ 100ರ ಕಡೆ ಸರಿಯುತ್ತದೆ. 0.91 ಅನ್ನುವುದೂ ಲೆಕ್ಕ ಸುಲಭವಾಗಲಿ ಅಂತ ನಾನು ತೆಗೆದುಕೊಂಡದ್ದು. ಪ್ರತಿ ಪರೀಕ್ಷೆಯ ಕೈಪಿಡಿಯಲ್ಲೂ ಅದರದೇ ಅಂಕಿ ಇರುತ್ತದೆ, ವಯಸ್ಸಿಗೆ ತಕ್ಕ ಹಾಗೆ ಬದಲಾಗುತ್ತದೆ. ಆದರೆ ಯಾವ ಪರೀಕ್ಷೆಯಲ್ಲೂ ಈ ಏರುಪೇರು ಸೊನ್ನೆ ಆಗುವುದಿಲ್ಲ.

ಬಿಪಿ ಬೆಳಿಗ್ಗೆ 130, ಸಂಜೆ 138 ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಐಕ್ಯೂ ವಿಷಯದಲ್ಲಿ ಮಾತ್ರ ಆ ತಾಳ್ಮೆ ಇಲ್ಲ. ಹೋದ ವರ್ಷ 104 ಇದ್ದ ಮಗಳಿಗೆ ಈ ವರ್ಷ ಬೇರೆ ಕಡೆ 97 ಬಂತು ಅಂತ ಒಬ್ಬ ತಾಯಿ ಅಳುತ್ತಾ ಬಂದಿದ್ದರು. ಅಷ್ಟರಲ್ಲಿ ಟ್ಯೂಷನ್ ಬದಲಾಗಿತ್ತು, ಟಿವಿ ಬಂದ್ ಆಗಿತ್ತು, ಮಗು ಆಡಲು ಹೊರಗೆ ಹೋಗುವುದು ನಿಂತಿತ್ತು. ಎರಡು ಅಂಕಗಳನ್ನು ಹೋಲಿಸುವಾಗ ಎರಡರ ಏರುಪೇರೂ ಸೇರಿಕೊಳ್ಳುತ್ತದೆ. ಮೇಲಿನ ಲೆಕ್ಕದ ಪ್ರಕಾರ ಸುಮಾರು 12-13 ಅಂಕದ ವ್ಯತ್ಯಾಸ ಬಂದರೆ ಮಾತ್ರ ಏನೋ ನಿಜವಾಗಿ ಬದಲಾಗಿದೆ ಅಂತ ಯೋಚಿಸಬಹುದು. ಏಳು ಅಂಕಕ್ಕೆ ಆ ಹುಡುಗಿಯ ಸಂಜೆಗಳನ್ನೆಲ್ಲ ಕಿತ್ತುಕೊಂಡಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. ತಾಯಿಯ ಮೇಲಲ್ಲ. 97 ಅಂತ ಬರೆದು, ಅದರ ಪಕ್ಕ ವ್ಯಾಪ್ತಿ ಬರೆಯದೆ ಕೈಗೆ ಕೊಟ್ಟು ಕಳಿಸಿದವರ ಮೇಲೆ.

ಈ ಅಂಕಿ ಕೆಲವು ಕಡೆ ಜೀವದ ಪ್ರಶ್ನೆಯೇ ಆಗಿದೆ. ಅಮೆರಿಕದ ಫ್ಲೋರಿಡಾದಲ್ಲಿ ಬೌದ್ಧಿಕ ಅಸಮರ್ಥತೆ ಇದ್ದವರಿಗೆ ಮರಣದಂಡನೆ ಇಲ್ಲ. ಆದರೆ ಅದನ್ನು ಸಾಬೀತು ಮಾಡಲು ಐಕ್ಯೂ 70 ಅಥವಾ ಅದಕ್ಕಿಂತ ಕಡಿಮೆ ಇರಲೇಬೇಕು ಅಂತ ಅಲ್ಲಿನ ರಾಜ್ಯ ಪಟ್ಟು ಹಿಡಿದಿತ್ತು. ಫ್ರೆಡ್ಡಿ ಲೀ ಹಾಲ್ ಎಂಬ ಕೈದಿಗೆ 71 ಬಂದಿತ್ತು. ಒಂದು ಅಂಕ ಜಾಸ್ತಿ ಅಂತ ಉಳಿದ ಸಾಕ್ಷ್ಯವನ್ನು ನೋಡಲೇ ಇಲ್ಲ. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ತಪ್ಪು ಅಂತ ತೀರ್ಪು ಕೊಟ್ಟಿತು. ಐವರು ಒಪ್ಪಿದರು, ನಾಲ್ವರು ಒಪ್ಪಲಿಲ್ಲ. ಪರೀಕ್ಷೆಯಲ್ಲೇ ಇರುವ ಅಳತೆಯ ದೋಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗೆರೆ ಎಳೆಯುವ ಹಾಗಿಲ್ಲ ಅನ್ನುವುದು ಅದರ ಸಾರ.

ನಮ್ಮಲ್ಲಿ ಗೆರೆ ಬೇರೆ ಥರ ಬಾಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ. 40 ವೈಕಲ್ಯ ಇರಬೇಕು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ವೈನ್‌ಲ್ಯಾಂಡ್ ಅಂಕ (ದಿನನಿತ್ಯದ ಕೆಲಸಗಳನ್ನು ಮಗು ಎಷ್ಟರಮಟ್ಟಿಗೆ ತಾನೇ ಮಾಡಿಕೊಳ್ಳುತ್ತದೆ ಅನ್ನುವುದರ ಅಳತೆ) 55ರಿಂದ 69 ಇದ್ದರೆ ಶೇ. 50 ಅಂತ ಕೊಟ್ಟರು. 70ರಿಂದ 84 ಇದ್ದರೆ ಶೇ. 25. ಅಂದರೆ ಆ ಮಾರ್ಗಸೂಚಿಯ ಲೆಕ್ಕದಲ್ಲಿ 69 ಇದ್ದವನು ಒಳಗಿದ್ದ, 70 ಇದ್ದವನು ಹೊರಗಿದ್ದ.

ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ವೈನ್‌ಲ್ಯಾಂಡ್‌ನಲ್ಲಿ 71 ಬಂತು. ಜೊತೆಗೆ ಬಂದಿದ್ದ ದೊಡ್ಡಪ್ಪ ಮೆಲ್ಲಗೆ ಕೇಳಿದರು, "ನೀವೇ ಹೇಳ್ತೀರಲ್ಲ ಮೇಡಂ, 69ಕ್ಕೂ 71ಕ್ಕೂ ಏನೂ ವ್ಯತ್ಯಾಸ ಇಲ್ಲ ಅಂತ. ಹಂಗಾದ್ರೆ 69 ಅಂತಲೇ ಹಾಕ್ಬಿಡಿ. ನಿಮ್ಗೇನು ನಷ್ಟ?"

ಈ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಅವರು ಮೋಸ ಮಾಡಲು ಬಂದವರಲ್ಲ. ನಾನು ಹೇಳಿದ್ದನ್ನೇ ಸರಿಯಾಗಿ ಕೇಳಿಸಿಕೊಂಡು ಕೇಳಿದ್ದರು. ಆದರೂ ಆಗುವುದಿಲ್ಲ ಅಂದೆ. ಎರಡು ಕಡೆ ಜಾಗ ಇದೆ ಅಂದರೆ ನನಗೆ ಬೇಕಾದ ಕಡೆ ಅಂಕಿಯನ್ನು ಸರಿಸಬಹುದು ಅಂತಲ್ಲ. ಯಾವ ಕಡೆ ಅಂತ ನನಗೆ ಗೊತ್ತಿಲ್ಲ ಅನ್ನುವುದೇ ಅದರ ಅರ್ಥ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಸಹಿ ಹಾಕಿದರೆ ನಾಳೆ ನನ್ನ ಯಾವ ರಿಪೋರ್ಟನ್ನೂ ವೈಕಲ್ಯದ ಪ್ರಮಾಣಪತ್ರ ಕೊಡುವ ಮೆಡಿಕಲ್ ಬೋರ್ಡ್ ನಂಬಬೇಕಾಗಿಲ್ಲ. ಆಗ ನಿಜವಾಗಿ 60 ಇರುವ ಮಗುವಿಗೂ ತೊಂದರೆ.

ನಾನು ಮಾಡಬಹುದಾದದ್ದು ಬೇರೆ ಇತ್ತು. ವೈನ್‌ಲ್ಯಾಂಡ್ ಅನ್ನುವುದು ಮಗುವಿಗೆ ಕೊಡುವ ಪರೀಕ್ಷೆ ಅಲ್ಲ, ಮನೆಯವರನ್ನು ಕೇಳಿ ತುಂಬಿಸುವುದು. ನಾಗಪುರದ ಮಾಲಿನ್ ಎಂಬವರು ಭಾರತಕ್ಕೆ ಹೊಂದಿಸಿದ ಆವೃತ್ತಿಯಲ್ಲಿ 89 ಅಂಶಗಳಿವೆ. ತಾನೇ ಉಣ್ಣುತ್ತಾನಾ, ತಾನೇ ಸ್ನಾನ ಮಾಡುತ್ತಾನಾ ಅಂತ. ತಾಯಿ ಇಂಥವಕ್ಕೆಲ್ಲ ಹೂಂ ಅಂದಿದ್ದರು. ಮಗ ಚೆನ್ನಾಗಿದ್ದಾನೆ ಅಂತ ಹೇಳಿಕೊಳ್ಳುವ ಆಸೆ ಯಾವ ತಾಯಿಗೆ ಇರುವುದಿಲ್ಲ? ಮುಂದಿನ ಸಲ ಅಜ್ಜಿಯನ್ನು ಕರೆತರಲು ಹೇಳಿದೆ. ತಾಯಿ ಕೆಲಸಕ್ಕೆ ಹೋದಾಗ ದಿನವಿಡೀ ಹುಡುಗನ ಜೊತೆ ಇರುವವರು ಅವರೇ. "ಎಲ್ಲಿ ಉಣ್ತಾನೆ ತಾಯಿ, ನಾನೇ ಕಲಸಿ ಬಾಯಿಗಿಡ್ಬೇಕು. ಗುಂಡಿ ಹಾಕ್ಕೊಳ್ಳೋಕೂ ಬರಲ್ಲ" ಅಂದರು ಅಜ್ಜಿ. ತಾಯಿ ತಲೆ ತಗ್ಗಿಸಿದರು. ಇಬ್ಬರ ಮಾತನ್ನೂ ಎದುರಾಎದುರು ಇಟ್ಟು, ಹುಡುಗನ ಕೈಯಲ್ಲೇ ಗುಂಡಿ ಹಾಕಿಸಿ ನೋಡಿ ಮತ್ತೆ ಲೆಕ್ಕ ಹಾಕಿದಾಗ ಅಂಕ ಕೆಳಗೆ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ದಯವಿಟ್ಟು ತಿಳಿಯಬೇಡಿ. ಸರಿಯಾಗಿ ಕೇಳಿದಾಗ ಮೇಲಕ್ಕೆ ಹೋಗುವುದೂ ಉಂಟು. ಆಗ ಮೇಲಿನದನ್ನೇ ಬರೆಯುತ್ತೇನೆ.

ಪರೀಕ್ಷೆಯ ವಯಸ್ಸನ್ನೂ ನೋಡಬೇಕು. ವಿ. ವಿ. ಕಾಮತ್ ಅವರು ಬಿನೆ ಅನ್ನುವ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿದ್ದು 1930ರ ದಶಕದಲ್ಲಿ. ಆ ಕಾಲಕ್ಕೆ ಅದು ದೊಡ್ಡ ಕೆಲಸ, ನನಗೆ ಅದರ ಬಗ್ಗೆ ತುಂಬ ಗೌರವ ಇದೆ. ಅದೇ ಮಾಲಿನ್ ಅವರು ಭಾರತೀಯ ಮಕ್ಕಳಿಗಾಗಿ ಮಾಡಿದ ಬುದ್ಧಿ ಪರೀಕ್ಷೆ ಮಿಸಿಕ್ ಬಂದದ್ದು 1969ರಲ್ಲಿ. ಇವು ಇವತ್ತಿಗೂ ಬಳಕೆಯಲ್ಲಿವೆ. ಕಾಲ ಕಳೆದ ಹಾಗೆ ಮಕ್ಕಳು ಹಳೆಯ ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆಯುತ್ತಾ ಹೋಗುತ್ತಾರೆ. ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ ಅಂಕಗಳನ್ನು ನೋಡಿ ಹತ್ತು ವರ್ಷಕ್ಕೆ ಸುಮಾರು 3 ಅಂಕ ಏರಿದೆ ಅಂತ ತೋರಿಸಿದರು. ಆ 3ನ್ನು ಹಾಗೇ ತಂದು ನಮ್ಮ ಮಕ್ಕಳ ಅಂಕದಿಂದ ಕಳೆಯುವುದು ಸರಿಯಲ್ಲ. ಆದರೆ ಯಾವ ಪರೀಕ್ಷೆ, ಯಾವ ಕಾಲದ ಮಕ್ಕಳ ಜೊತೆ ಹೋಲಿಕೆ ಅಂತ ಕೇಳುವ ಹಕ್ಕು ನಿಮಗಿದೆ. ಎರಡು ರಿಪೋರ್ಟಿನಲ್ಲಿ ಎರಡು ಬೇರೆ ಪರೀಕ್ಷೆ ಇದ್ದರೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲೇಬೇಡಿ.

ಶಾಲೆಗಳ ಬಗ್ಗೆಯೂ ಒಂದು ಮಾತು. ಅಡ್ಮಿಷನ್ನಿಗೆ ಐಕ್ಯೂ ರಿಪೋರ್ಟ್ ತನ್ನಿ ಅಂತ ಕಳಿಸುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸೇರಿಸಿಕೊಳ್ಳುವಾಗ ಮಗುವನ್ನು ಪರೀಕ್ಷೆ ಮಾಡಿ ಆಯುವ ಹಾಗಿಲ್ಲ. ಮಗುವಿಗೆ ಹೇಗೆ ಕಲಿಸಬೇಕು ಅಂತ ತಿಳಿಯಲು ರಿಪೋರ್ಟ್ ಬೇಕು ಅಂದರೆ ಸಂತೋಷ. ಆಗಲೂ ಅಪ್ಪ-ಅಮ್ಮನ ಒಪ್ಪಿಗೆ ಇಲ್ಲದೆ ನಾನು ಅದನ್ನು ಶಾಲೆಗೆ ಕಳಿಸುವುದಿಲ್ಲ. ವಾಟ್ಸಾಪ್‌ನಲ್ಲಂತೂ ಯಾರಿಗೂ ಕಳಿಸುವುದಿಲ್ಲ. ನೀವೂ ಕಳಿಸಬೇಡಿ.

ಪರೀಕ್ಷೆಗೆ ಮಗುವನ್ನು ಕರೆತರುವವರು ಇಷ್ಟು ಮಾಡಿ. ಪರೀಕ್ಷೆ ಮಾಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಮೊದಲೇ ಕೇಳಿ, ಇದ್ದವರು ಬೇಸರ ಮಾಡಿಕೊಳ್ಳುವುದಿಲ್ಲ. ಹಳೆಯ ರಿಪೋರ್ಟ್ ಎಲ್ಲ ತನ್ನಿ, ಬಚ್ಚಿಡಬೇಡಿ. ಆರು ತಿಂಗಳ ಹಿಂದೆ ಇದೇ ಪರೀಕ್ಷೆ ಆಗಿದ್ದರೆ ಮಗುವಿಗೆ ಉತ್ತರ ನೆನಪಿರಬಹುದು, ಅದು ನಮಗೆ ಗೊತ್ತಾಗಬೇಕು. ಕನ್ನಡಕ, ಹಿಯರಿಂಗ್ ಏಡ್ ಮರೆಯಬೇಡಿ. ಮಾತ್ರೆಗಳ ಚೀಟಿ ಇರಲಿ. ಜ್ವರ ಇದ್ದರೆ ಫೋನ್ ಮಾಡಿ ದಿನ ಬದಲಾಯಿಸಿ. ತಿಂಡಿ ತಿನ್ನಿಸಿಕೊಂಡು ಬನ್ನಿ. ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಯಾರೋ ಅವರನ್ನೂ ಕರೆತನ್ನಿ. ರಿಪೋರ್ಟ್ ತೆಗೆದುಕೊಳ್ಳುವ ದಿನ ಅಂಕಿಯ ಪಕ್ಕ ವ್ಯಾಪ್ತಿ ಬರೆದಿಲ್ಲದಿದ್ದರೆ, ಅಲ್ಲೇ ಕೂತು ಬರೆಸಿಕೊಂಡು ಹೋಗಿ.